ನೆಲಬೇವಿನ ಕಹಿ ಸೀಸೆಗೆ ಇಳಿಯುವವರೆಗೆ

“ಮೇಡಂ, ಇಪ್ಪತ್ತೆಂಟು ಪರ್ಸೆಂಟ್ ಯೀಲ್ಡ್ ಬಂತು!” ಅಂತ ಪ್ರಾಜೆಕ್ಟಿನ ಹುಡುಗನೊಬ್ಬ ಬೆಳಗ್ಗೆ ಒಂಬತ್ತಕ್ಕೇ ಲ್ಯಾಬಿಗೆ ಓಡಿ ಬಂದಿದ್ದ. ಕೈಯಲ್ಲಿದ್ದ ಬೀಕರಿನ ತಳದಲ್ಲಿ ಬೆಲ್ಲದ ಪಾಕದಂಥ ಕಂದು ಅಂಟು. ನೆಲಬೇವಿನ ಪುಡಿಯನ್ನು ನೀರಿನಲ್ಲಿ ಕುದಿಸಿ, ಸೋಸಿ, ಬತ್ತಿಸಿದ್ದ. ನೂರು ಗ್ರಾಂ ಪುಡಿಗೆ ಎಷ್ಟು ಗ್ರಾಂ ಸತ್ವ ಬಂತು ಅನ್ನುವ ಲೆಕ್ಕವೇ ಯೀಲ್ಡ್. ಪಕ್ಕದ ಟೇಬಲ್ಲಿನ ಹುಡುಗಿ ಮೆಥನಾಲಿನಲ್ಲಿ ತೆಗೆದಿದ್ದಳು. ಅವಳಿಗೆ ಸಿಕ್ಕಿದ್ದು ಇವನದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೆ, ಮುಖ ಸಪ್ಪಗಿತ್ತು. ಸಂಜೆ ಇಬ್ಬರ ಎಕ್ಸ್‌ಟ್ರಾಕ್ಟನ್ನೂ ಒಂದೇ ತೂಕಕ್ಕೆ ಕರಗಿಸಿ, ವಸ್ತುಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಒಂದೇ ಟಿಎಲ್‌ಸಿ ಪ್ಲೇಟಿನಲ್ಲಿ ಓಡಿಸಿದೆವು. ಯುವಿ ದೀಪದ ಕೆಳಗೆ ಹುಡುಗಿಯ ಸಾಲಿನಲ್ಲಿ ನೆಲಬೇವಿನ ಮುಖ್ಯ ಕಹಿವಸ್ತು ಆಂಡ್ರೋಗ್ರಾಫೊಲೈಡಿನ ಚುಕ್ಕೆ ದೃಷ್ಟಿಬೊಟ್ಟಿನ ಹಾಗೆ ಕಪ್ಪಗೆ ಕೂತಿತ್ತು. ಹುಡುಗನ ಸಾಲಿನಲ್ಲಿ ಅದನ್ನು ಬಗ್ಗಿ ಹುಡುಕಬೇಕಾಯಿತು. ಅವನ ಇಪ್ಪತ್ತೆಂಟು ಪರ್ಸೆಂಟಿನಲ್ಲಿ ಬಹುಪಾಲು ಸಕ್ಕರೆ, ಲೋಳೆ, ಉಪ್ಪು, ಬಣ್ಣ.

ತುಮಕೂರು ಸೀಮೆಯ ಫಾರ್ಮಸಿ ಕಾಲೇಜೊಂದರಲ್ಲಿ ಫಾರ್ಮಕಾಗ್ನಸಿ (ಗಿಡಮೂಲಿಕೆ ಔಷಧಗಳ ಶಾಸ್ತ್ರ) ಲ್ಯಾಬ್ ನೋಡಿಕೊಂಡು ನನಗೆ ಇಪ್ಪತ್ತು ವರ್ಷ ದಾಟಿತು. ಪ್ರತಿ ವರ್ಷ ಹೊಸ ತಂಡ ಬರುತ್ತದೆ, ಪ್ರತಿ ವರ್ಷ ಅದೇ ಪ್ರಶ್ನೆ: “ಯಾವ ಮೆಥಡ್ ಬೆಸ್ಟ್ ಮೇಡಂ? ಸಾಕ್ಸ್‌ಲೆಟ್ಟಾ, ಅಲ್ಟ್ರಾಸೌಂಡಾ, ಮೈಕ್ರೋವೇವಾ?” ಏನನ್ನು ತೆಗೆಯಬೇಕು ಅನ್ನುವುದು ಮೊದಲು ತೀರ್ಮಾನವಾಗಲಿ, ಮಷಿನ್ ಆಮೇಲೆ ನೋಡೋಣ ಅನ್ನುತ್ತೇನೆ. ಹಾಗಾಗಿ ಇಲ್ಲಿ ಒಂದೇ ಗಿಡ, ಒಂದೇ ವಸ್ತುವನ್ನು ಹಿಡಿದು ಸತ್ವ ತೆಗೆಯುವ ಎಲ್ಲ ವಿಧಾನಗಳನ್ನೂ ಹೇಳುತ್ತೇನೆ. ಇದು ಲ್ಯಾಬಿನಲ್ಲಿ ಕೆಲಸ ಮಾಡುವವರಿಗೆ. ಮನೆಯ ಅಡುಗೆಮನೆಯಲ್ಲಿ ಇದರಲ್ಲಿ ಒಂದನ್ನೂ ಮಾಡಬೇಡಿ.

ನೆಲಬೇವನ್ನೇ ಯಾಕೆ ಹಿಡಿದೆ ಎಂದರೆ, ಮೊಣಕಾಲೆತ್ತರದ ವಾರ್ಷಿಕ ಗಿಡ, ಬೀಜ ಚೆಲ್ಲಿದರೆ ಕಾಲೇಜಿನ ಹಿತ್ತಲಲ್ಲೇ ಬರುತ್ತದೆ. ಸಿದ್ಧರಬೆಟ್ಟಕ್ಕೆ ಹೋಗಿ ಚೀಲ ತುಂಬಾ ಕಿತ್ತು ತರುವ ಅಗತ್ಯವಿಲ್ಲ. ಬಿತ್ತಿದ ಮೂರೂವರೆ, ನಾಲ್ಕು ತಿಂಗಳಿಗೆ ಹೂ ಕಾಣಿಸಿಕೊಳ್ಳುವ ಹೊತ್ತಿನಲ್ಲಿ ಕೊಯ್ಯಿರಿ. ಎಲೆಯಲ್ಲಿ ಕಹಿ ತುಂಬಿರುವ ಕಾಲ ಅದು, ಕಾಯಿ ಬಲಿತ ಮೇಲೆ ಇಳಿಯುತ್ತದೆ. ಕಹಿಗೆ ಮುಖ್ಯ ಕಾರಣ ಆಂಡ್ರೋಗ್ರಾಫೊಲೈಡ್ ಎಂಬ ಡೈಟರ್ಪೀನ್ ಲ್ಯಾಕ್ಟೋನ್, ಅಂದರೆ ಅಣುವಿನಲ್ಲಿ ಲ್ಯಾಕ್ಟೋನ್ ಎಂಬ ಉಂಗುರವಿರುವ ವಸ್ತು. ಗೋರ್ಟರ್ ಎಂಬ ವಿಜ್ಞಾನಿ 1911ರಲ್ಲೇ ಇದನ್ನು ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದರು. ಹರಳು ಹರಳಾಗಿ ಬರುವ ವಸ್ತುವಾದ್ದರಿಂದ ಕಲಿಯುವವರಿಗೆ ಕೊನೆಯಲ್ಲಿ ಕಣ್ಣಿಗೆ ಕಾಣುವ ಫಲವೂ ಸಿಗುತ್ತದೆ.

ಗ್ರಂಥಿಗೆ ಅಂಗಡಿಯಿಂದ ತರುವುದಾದರೆ ಜೋಕೆ. ನೆಲಬೇವು, ಕಿರಾತಕಡ್ಡಿ ಎಲ್ಲ ಒಂದೇ ಡಬ್ಬಿಯಿಂದ ಬರುವುದುಂಟು. ಹಿಮಾಲಯದ ನಿಜವಾದ ಕಿರಾತಕಡ್ಡಿ ಬೇರೆಯದೇ ಗಿಡ, ಅದರ ಕಹಿಯೂ ಬೇರೆ. ಒಂದು ರೆಂಬೆಯನ್ನು ಹೂವಿನ ಸಮೇತ ಒತ್ತಿ ಒಣಗಿಸಿ, ಸಸ್ಯಶಾಸ್ತ್ರ ವಿಭಾಗದಲ್ಲಾಗಲಿ ಯಲಹಂಕದ ಔಷಧಿಗಿಡಗಳ ಸಂಸ್ಥೆ ಎಫ್‌ಆರ್‌ಎಲ್‌ಎಚ್‌ಟಿಯಂಥ ಕಡೆಯಾಗಲಿ ಗುರುತು ಹಿಡಿಸಿ, ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹ) ನಂಬರ್ ಪಡೆದುಕೊಳ್ಳಿ. ಆ ನಂಬರಿಲ್ಲದ ಪ್ರಾಜೆಕ್ಟನ್ನು ನಾನು ಸಹಿಗೆ ಮುಂದೆ ಕಳಿಸುವುದಿಲ್ಲ.

ಒಣಗಿಸುವುದು, ಪುಡಿ ಮಾಡುವುದು

ಯಾರೂ ಇದಕ್ಕೆ ಬೆಲೆ ಕೊಡುವುದಿಲ್ಲ, ಕೆಡುವುದು ಮಾತ್ರ ಇಲ್ಲೇ. ಎಲೆಯನ್ನು ನೆರಳಲ್ಲಿ, ಗಾಳಿಯಾಡುವ ಕಡೆ, ತೆಳ್ಳಗೆ ಹರಡಿ. ಬೇಸಿಗೆಯಲ್ಲಿ ಐದಾರು ದಿನ ಸಾಕು. ಮಳೆಗಾಲದಲ್ಲಿ ನೆರಳು ನಂಬಿದರೆ ಬೂಷ್ಟು ಬರುತ್ತದೆ. ಆಗ 40ರಿಂದ 45 ಡಿಗ್ರಿ ಓವನ್ನಿನಲ್ಲಿಡಿ. ಬೇಗ ಆಗಲಿ ಅಂತ 80ಕ್ಕೆ ತಿರುಗಿಸಬೇಡಿ. ಎಲೆ ಹಸಿರು ಉಳಿಸಿಕೊಂಡು, ಹಿಸುಕಿದರೆ ಹಪ್ಪಳದ ಹಾಗೆ ಪುಡಿಯಾದರೆ ಹದ ಬಂತು. ಕಣ್ಣಂದಾಜು ಸಾಲದು. 2 ಗ್ರಾಂ ತೂಗಿ, 105 ಡಿಗ್ರಿಯಲ್ಲಿ ತೂಕ ನಿಲ್ಲುವ ತನಕ ಇಟ್ಟು ತೇವಾಂಶ ಲೆಕ್ಕ ಹಾಕಿ. ನೂರಕ್ಕೆ ಹತ್ತಕ್ಕಿಂತ ಹೆಚ್ಚಿದ್ದರೆ ಮತ್ತೆ ಒಣಗಿಸಿ. ಇಷ್ಟಕ್ಕೆ ಯಾಕೆ ಒದ್ದಾಡಬೇಕು ಎಂದರೆ, ಎಲೆಯಲ್ಲಿ ಉಳಿದ ನೀರು ನಿಮ್ಮ ದ್ರಾವಕಕ್ಕೆ (ಸತ್ವವನ್ನು ಕರಗಿಸಿ ತೆಗೆಯುವ ದ್ರವಕ್ಕೆ) ಬೆರೆತು ಅದರ ಗುಣವನ್ನೇ ಬದಲಿಸುತ್ತದೆ. ನೀವು ಮೆಥನಾಲ್ ಅಂದುಕೊಂಡು ಮಾಡಿದ್ದು ನೀರು ಬೆರೆತ ಮೆಥನಾಲಿನಲ್ಲಿ ಮಾಡಿದಂತಾಗುತ್ತದೆ.

ಪುಡಿ ಮಿಕ್ಸಿಯಲ್ಲೇ ಆಗಲಿ, ಆದರೆ ಹತ್ತು ಸೆಕೆಂಡ್ ಓಡಿಸಿ, ನಿಲ್ಲಿಸಿ, ಜಾರ್ ಬೆಚ್ಚಗಾಗದಂತೆ. 40 ನಂಬರ್ ಜರಡಿಯಲ್ಲಿ, ಅಂದರೆ ಸುಮಾರು 0.4 ಮಿಲಿಮೀಟರ್ ಕಣ್ಣಿನದರಲ್ಲಿ, ಇಳಿದದ್ದು ಸಾಕು. ಚಿರೋಟಿ ರವೆಯ ಹದ ಅಂದುಕೊಳ್ಳಿ. ಮೈದಾ ಹಿಟ್ಟಿನಷ್ಟು ನುಣ್ಣಗಾದರೆ ಹೆಚ್ಚು ಬರುತ್ತದೆಂದು ಕೆಲವರ ನಂಬಿಕೆ. ನುಣ್ಣನೆಯ ಪುಡಿ ಒತ್ತಾಗಿ ಕೂತು ದ್ರಾವಕ ಒಂದು ಪಕ್ಕದಿಂದ ದಾರಿ ಮಾಡಿಕೊಂಡು ಜಾರಿಹೋಗುತ್ತದೆ, ನಡುವಿನ ಪುಡಿ ನೆನೆಯುವುದೇ ಇಲ್ಲ. ಸೋಸುವಾಗ ಫಿಲ್ಟರ್ ಕಾಗದ ಕಟ್ಟಿಕೊಂಡು ಅರ್ಧ ದಿನ ಹಾಳು.

ದ್ರಾವಕದ ಆಯ್ಕೆ

ಇಂಗಿನ ಘಮ ಒಗ್ಗರಣೆಯ ಎಣ್ಣೆಗೆ ಇಳಿಯುತ್ತದೆ, ಉಪ್ಪು ಇಳಿಯುವುದಿಲ್ಲ. ಬಟ್ಟೆಗೆ ಬಿದ್ದ ಅರಿಸಿನದ ಕಲೆ ಬರಿ ನೀರಿಗೆ ಹೋಗುವುದಿಲ್ಲ, ಸ್ಪಿರಿಟ್ ಒರೆಸಿದರೆ ಬಿಡುತ್ತದೆ. ನೀರಿನ ಗುಣದ್ದು ನೀರಿಗೆ, ಎಣ್ಣೆಯ ಗುಣದ್ದು ಎಣ್ಣೆಗೆ. ಪೊಲಾರಿಟಿ ಎಂದು ಪುಸ್ತಕ ಹೇಳುವುದು ಇದನ್ನೇ. ಆಯುರ್ವೇದದ ಕಷಾಯ, ತೈಲ, ಘೃತ, ಅರಿಷ್ಟ ಕೂಡ ಬೇರೆ ಬೇರೆ ದ್ರಾವಕಗಳೇ. ಅರಿಷ್ಟದಲ್ಲಂತೂ ಹುದುಗಿ ಹುಟ್ಟುವ ಮದ್ಯವೇ ಆ ಕೆಲಸ ಮಾಡುತ್ತದೆ.

ಆಂಡ್ರೋಗ್ರಾಫೊಲೈಡಿಗೆ ನೀರಿಗೆ ಒಗ್ಗುವ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ, ಜೊತೆಗೆ ನೀರಿಗೆ ಒಗ್ಗದ ದೊಡ್ಡ ಇಂಗಾಲದ ಮೈಯೂ ಇದೆ. ಹಾಗಾಗಿ ಹೆಕ್ಸೇನಿನಂಥ ಎಣ್ಣೆಯ ಗುಣದ ದ್ರಾವಕಕ್ಕೂ ಅದು ಒಗ್ಗದು, ನೀರಿಗೂ ಬಹಳ ಕಡಿಮೆ. ಮೆಥನಾಲ್, ಎಥನಾಲ್, ಅಸಿಟೋನಿಗೆ ಚೆನ್ನಾಗಿ ಇಳಿಯುತ್ತದೆ. “ಮತ್ತೆ ಕಷಾಯ ಅಷ್ಟು ಕಹಿ ಯಾಕೆ ಮೇಡಂ?” ಅಂತ ಆ ಇಪ್ಪತ್ತೆಂಟು ಪರ್ಸೆಂಟಿನ ಹುಡುಗ ಕೇಳಿದ್ದ, ಒಳ್ಳೆಯ ಪ್ರಶ್ನೆ. ಈ ವಸ್ತು ಚಿಟಿಕೆಯಷ್ಟು ಕರಗಿದರೂ ನಾಲಿಗೆಗೆ ಗೊತ್ತಾಗಿಬಿಡುತ್ತದೆ. ಕಹಿ ಇದೆ ಎಂದಮಾತ್ರಕ್ಕೆ ಹೆಚ್ಚು ಇದೆ ಎಂದಲ್ಲ.

ಮೆಥನಾಲ್ ಅಗ್ಗ, 65 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ, ಆರಿಸುವುದು ಸುಲಭ. ಎಥನಾಲಿಗೆ ಅಬಕಾರಿ ಇಲಾಖೆಯ ಪರವಾನಗಿ, ರಿಜಿಸ್ಟರು, ಲೆಕ್ಕ. ಅದಕ್ಕೇ ಕಾಲೇಜುಗಳಲ್ಲಿ ಎಲ್ಲರೂ ಮೆಥನಾಲ್ ಹಿಡಿಯುತ್ತಾರೆ. ಆದರೆ ಮೆಥನಾಲ್ ವಿಷ, ಕಣ್ಣು ಕಳೆಯುವ ವಿಷ. ಔಷಧದಲ್ಲಿ ಉಳಿಯಬಹುದಾದ ದ್ರಾವಕದ ಮಿತಿಯನ್ನು ಔಷಧ ಗುಣಮಟ್ಟದ ಅಂತರರಾಷ್ಟ್ರೀಯ ಐಸಿಎಚ್ ಮಾರ್ಗಸೂಚಿ ಹೇಳುತ್ತದೆ: ಮೆಥನಾಲ್ 3000 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ಹೆಕ್ಸೇನ್ 290, ಡೈಕ್ಲೋರೋಮೀಥೇನ್ 600, ಕ್ಲೋರೋಫಾರ್ಮ್ ಬರೀ 60. ಎಥನಾಲ್, ಅಸಿಟೋನ್, ಈಥೈಲ್ ಅಸಿಟೇಟಿಗೆ 5000. ಪ್ರಯೋಗಕ್ಕೆ ಮೆಥನಾಲ್ ಸರಿ. ಇಲಿಗೋ ಮನುಷ್ಯರಿಗೋ ಕೊಡುವ ಉದ್ದೇಶವಿದ್ದರೆ ಪರವಾನಗಿಗೆ ಓಡಾಡಿ ಎಥನಾಲ್ ತನ್ನಿ. ನನ್ನ ಮಾತು ಕಹಿ ಅನ್ನಿಸಿದರೂ ಪರವಾಗಿಲ್ಲ.

ಮೊದಲು ಹೆಕ್ಸೇನಿನಿಂದ ಅಥವಾ 60–80 ಡಿಗ್ರಿಯ ಪೆಟ್ರೋಲಿಯಂ ಈಥರಿನಿಂದ ಪುಡಿಯನ್ನು ತೊಳೆದುಬಿಡಿ. ಮೇಣ, ಕೊಬ್ಬು, ಒಂದಷ್ಟು ಹಸಿರು ಅದರೊಂದಿಗೆ ಹೋಗುತ್ತದೆ. ನಮಗೆ ಬೇಕಾದದ್ದು ಪುಡಿಯಲ್ಲೇ ಉಳಿಯುತ್ತದೆ. ತೊಳೆದ ಪುಡಿಯನ್ನು ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ಡಿನಲ್ಲಿ ವಾಸನೆ ಪೂರ್ತಿ ಹೋಗುವ ತನಕ ಆರಿಸಿ. ಈ ಹಂತ ಬಿಟ್ಟವರು ಕೊನೆಗೆ ಹರಳಿನ ಬದಲು ಪಾಚಿಯಂಥ ಗೋಂದು ನೋಡುತ್ತಾ ಕೂರುತ್ತಾರೆ.

ನೆನೆಹಾಕುವುದು

50 ಗ್ರಾಂ ಪುಡಿಗೆ 500 ಎಂಎಲ್ ಮೆಥನಾಲ್, ಮುಚ್ಚಳ ಬಿಗಿಯಾದ ಗಾಜಿನ ಬಾಟಲಿ, 24 ಗಂಟೆ, ಆಗಾಗ ಅಲ್ಲಾಡಿಸುವುದು. ಸೋಸಿ, ಅದೇ ಪುಡಿಗೆ ಹೊಸ ಮೆಥನಾಲ್. ಹೀಗೆ ಮೂರು ಸಲ. ಮೂರು ಸಲ ಯಾಕೆಂದರೆ, ಒಂದು ಸಲ ತುಂಬಾ ದ್ರಾವಕ ಹಾಕುವುದಕ್ಕಿಂತ ಅದನ್ನೇ ಮೂರು ಪಾಲು ಮಾಡಿ ಹಾಕಿದರೆ ಹೆಚ್ಚು ಇಳಿಯುತ್ತದೆ. ಶಾಂಪೂ ಹಾಕಿದ ತಲೆಯನ್ನು ಒಂದೇ ಬಕೆಟ್ಟಿನಲ್ಲಿ ಅದ್ದಿ ತೆಗೆಯುವುದಕ್ಕೂ ಮೂರು ಸಲ ಚೊಂಬಿನಿಂದ ಹೊಯ್ದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ. ನಿಧಾನದ ವಿಧಾನ ಇದು, ಆದರೆ ಬಿಸಿಗೆ ಕೆಡುವ ವಸ್ತುವಿದ್ದರೆ ಇದಕ್ಕಿಂತ ಕ್ಷೇಮದ್ದಿಲ್ಲ.

ಬಿಸಿಯ ಮಾತು ಬಂದಾಗಲೆಲ್ಲ ಚೀನಾದ ವಿಜ್ಞಾನಿ ತು ಯೂಯೂ ಅವರ ಕೆಲಸ ಹೇಳದೆ ನನಗೆ ಆಗುವುದಿಲ್ಲ. ಚೀನಾದಲ್ಲಿ ಮಲೇರಿಯಾಕ್ಕೆ ಔಷಧ ಹುಡುಕುವಾಗ ಚಿಂಗ್‌ಹಾವ್ ಗಿಡದ ಎಕ್ಸ್‌ಟ್ರಾಕ್ಟ್ ಒಮ್ಮೆ ಕೆಲಸ ಮಾಡಿದರೆ ಇನ್ನೊಮ್ಮೆ ಮಾಡುತ್ತಿರಲಿಲ್ಲ. ನಾಲ್ಕನೇ ಶತಮಾನದ ಗೆ ಹಾಂಗ್ ಎಂಬಾತನ ವೈದ್ಯಗ್ರಂಥದಲ್ಲಿ ಆ ಸೊಪ್ಪನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಲು ಹೇಳಿತ್ತು. ಕುದಿಸಲು ಹೇಳಿರಲಿಲ್ಲ. ಕುದಿಸುವುದರಿಂದಲೇ ಕೆಡುತ್ತಿರಬಹುದು ಎಂದು ಅವರು 35 ಡಿಗ್ರಿಗೇ ಕುದಿಯುವ ಈಥರ್ ಹಿಡಿದರು. 1971ರ ಅಕ್ಟೋಬರಿನಲ್ಲಿ 191ನೇ ಸ್ಯಾಂಪಲ್ ಇಲಿಗಳ ಮಲೇರಿಯಾವನ್ನು ಪೂರ್ತಿ ತಡೆಯಿತು. ಅದೇ ಆರ್ಟೆಮಿಸಿನಿನ್ ಎಂಬ ಮಲೇರಿಯಾ ಔಷಧದ ಕಥೆ, 2015ರಲ್ಲಿ ನೊಬೆಲ್. ದ್ರಾವಕ, ಉಷ್ಣತೆ, ಎರಡನ್ನು ಬದಲಿಸಿದ್ದಕ್ಕೆ ಸಿಕ್ಕಿದ್ದು.

ಸಾಕ್ಸ್‌ಲೆಟ್

ಫ್ರಾನ್ಸ್ ಫಾನ್ ಸಾಕ್ಸ್‌ಲೆಟ್ 1879ರಲ್ಲಿ ಇದನ್ನು ಮಾಡಿದ್ದು ಹಾಲಿನ ಕೊಬ್ಬು ಅಳೆಯಲು. ಡೇರಿಯ ಸಾಮಾನು ಈಗ ಎಲ್ಲ ಫಾರ್ಮಸಿ ಲ್ಯಾಬಿನ ಗೋಡೆ ಬದಿಯಲ್ಲಿ ನಿಂತಿದೆ. ಕೆಳಗಿನ ಫ್ಲಾಸ್ಕಿನಿಂದ ಆವಿ ಪಕ್ಕದ ಕೊಳವೆಯಲ್ಲಿ ಏರಿ, ಮೇಲೆ ಕಂಡೆನ್ಸರಿನಲ್ಲಿ ತಣ್ಣಗಾಗಿ, ಪುಡಿಯ ಮೇಲೆ ಹನಿಯುತ್ತದೆ. ಮಟ್ಟ ಪಕ್ಕದ ಬಾಗಿದ ಕೊಳವೆಯ, ಅಂದರೆ ಸೈಫನ್ನಿನ, ಬಾಗಿಗೆ ಬಂದ ಕೂಡಲೇ ಗಳಗಳ ಎಂದು ಅಷ್ಟೂ ಕೆಳಗಿಳಿಯುತ್ತದೆ. ಪುಡಿಗೆ ಪ್ರತಿ ಸಲವೂ ಹೊಸ ದ್ರಾವಕ, ನಿಮ್ಮ ಖರ್ಚು ಮಾತ್ರ ಅದೇ 300 ಎಂಎಲ್.

ಥಿಂಬಲ್ಲಿಗೆ, ಅಂದರೆ ಪುಡಿ ಹಿಡಿಯುವ ದಪ್ಪ ಕಾಗದದ ಕೊಳವೆಗೆ, 25 ಗ್ರಾಂ ಪುಡಿ, ಒತ್ತದೆ ತುಂಬಿ. ಪುಡಿಯ ಮಟ್ಟ ಸೈಫನ್ನಿನ ಬಾಗಿಗಿಂತ ಕೆಳಗಿರಬೇಕು, ಮೇಲಿದ್ದರೆ ಮೇಲಿನ ಪದರ ದ್ರಾವಕದಲ್ಲಿ ಮುಳುಗುವುದೇ ಇಲ್ಲ. ಮೇಲೆ ಸ್ವಲ್ಪ ಹತ್ತಿ. 500 ಎಂಎಲ್ ಫ್ಲಾಸ್ಕಿಗೆ 300 ಎಂಎಲ್ ಮೆಥನಾಲ್, ಮೂರು ನಾಲ್ಕು ಪಿಂಗಾಣಿ ಚೂರು. ಆ ಚೂರನ್ನು ತಣ್ಣಗಿರುವಾಗಲೇ ಹಾಕಬೇಕು. ಮರೆತು ಬಿಸಿಯಾದ ಮೇಲೆ ಹಾಕಿದರೆ ಇಡೀ ದ್ರಾವಕ ಉಕ್ಕಿ ಮೇಲೆ ಹಾರುತ್ತದೆ. ಹೀಟಿಂಗ್ ಮ್ಯಾಂಟಲ್ ಮಾತ್ರ, ಬರ್ನರ್ ಬೇಡವೇ ಬೇಡ. ಗಂಟೆಗೆ ನಾಲ್ಕರಿಂದ ಆರು ಸೈಫನ್ ಆಗುವಂತೆ ಶಾಖ ಹೊಂದಿಸಿ, ಆರರಿಂದ ಎಂಟು ಗಂಟೆ. ಸೈಫನ್ ಕೊಳವೆಯಲ್ಲಿ ಬಣ್ಣ ಹೋಯಿತು ಅಂತ ನಿಲ್ಲಿಸಬೇಡಿ. ಬಣ್ಣ ಕ್ಲೋರೋಫಿಲ್ಲಿನದು. ಕೊನೆಯ ಸೈಫನ್ನಿನ ಒಂದು ಹನಿಯನ್ನು ಟಿಎಲ್‌ಸಿಯಲ್ಲಿ ನೋಡಿ, ಚುಕ್ಕೆ ಬಾರದಿದ್ದರೆ ಮುಗಿಯಿತು.

ನಮ್ಮಲ್ಲಿ ಸಾಕ್ಸ್‌ಲೆಟ್ಟಿನ ದೊಡ್ಡ ಶತ್ರು ನಲ್ಲಿ. ನಾನು ಸೇರಿದ ಎರಡನೇ ವರ್ಷ, ಮಧ್ಯಾಹ್ನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ನೀರು ನಿಂತಿತ್ತು. ಕಂಡೆನ್ಸರ್ ಬಿಸಿಯಾಗಿ ಅಷ್ಟೂ ಮೆಥನಾಲ್ ಕೋಣೆ ತುಂಬಿತ್ತು. ಫ್ಲಾಸ್ಕಿನ ತಳದಲ್ಲಿ ಸೀದ ಕಪ್ಪು. ನಮ್ಮ ಹಳೆಯ ಅಟೆಂಡರ್ ಒಳಗೆ ಕಾಲಿಡುವ ಮೊದಲೇ ಹೊರಗಿನ ಮೇನ್ ಸ್ವಿಚ್ ಆರಿಸಿ, ಕಿಟಕಿ ತೆಗೆಸಿ, “ಲೈಟ್ ಸ್ವಿಚ್ ಮುಟ್ಟಬ್ಯಾಡಿ ತಾಯಿ, ಕಿಡಿ ಹಾರ್ತದೆ” ಅಂದರು. ನಾನು ಕೈ ಸ್ವಿಚ್ಚಿನ ಮೇಲೇ ಇಟ್ಟಿದ್ದೆ. ಮರುದಿನವೇ ಅವರು ಏರ್ ಕೂಲರಿನ ಸಣ್ಣ ಪಂಪನ್ನು ಬಕೆಟ್ಟಿನಲ್ಲಿಟ್ಟು, ಐಸ್ ಹಾಕಿ, ಅದೇ ನೀರು ಸುತ್ತುವ ಹಾಗೆ ಮಾಡಿಕೊಟ್ಟರು. ಇವತ್ತಿಗೂ ನಮ್ಮ ಲ್ಯಾಬಿನಲ್ಲಿ ಅದೇ ವ್ಯವಸ್ಥೆ. ಪೈಪುಗಳಿಗೆ ತಂತಿ ಬಿಗಿಯಿರಿ, ಮತ್ತು ಸಾಕ್ಸ್‌ಲೆಟ್ ಓಡುವಾಗ ಒಬ್ಬರು ಅಲ್ಲೇ ಇರಿ. ರಾತ್ರಿಯಿಡೀ ಓಡಿಸಿ ಮನೆಗೆ ಹೋಗುವುದಿಲ್ಲ.

ಅಲ್ಟ್ರಾಸೌಂಡ್

ಕನ್ನಡಕ ತೊಳೆಯುವ ಅಂಗಡಿಯಲ್ಲಿ ನೋಡಿರುತ್ತೀರಲ್ಲ, ಅದೇ ತೊಟ್ಟಿ, 40 ಕಿಲೋಹರ್ಟ್ಜ್‌ನದು. ಶಬ್ದದ ಅಲೆಗೆ ದ್ರಾವಕದಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಒಡೆಯುವಾಗ ಪಕ್ಕದ ಜೀವಕೋಶದ ಗೋಡೆಗೆ ಪೆಟ್ಟು. ಎಂಟು ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯುವುದು ಹೀಗೆ. 10 ಗ್ರಾಂ ಪುಡಿ, 100 ಎಂಎಲ್ ಮೆಥನಾಲ್, ಕೋನಿಕಲ್ ಫ್ಲಾಸ್ಕ್, 30 ನಿಮಿಷ, ಮೂರು ಸಲ. ಫ್ಲಾಸ್ಕಿನ ಒಳಗಿನ ಮಟ್ಟ ತೊಟ್ಟಿಯ ನೀರಿನ ಮಟ್ಟಕ್ಕೆ ಸಮವಿರಲಿ, ತಳ ತೊಟ್ಟಿಯ ತಳಕ್ಕೆ ತಾಕದಿರಲಿ.

ಎರಡು ಮಾತು ಕೈಪಿಡಿಯಲ್ಲಿ ಇರುವುದಿಲ್ಲ. ತೊಟ್ಟಿಯ ಎಲ್ಲ ಜಾಗದಲ್ಲೂ ಪೆಟ್ಟು ಒಂದೇ ಸಮ ಬೀಳುವುದಿಲ್ಲ. ಅಡುಗೆಯ ಅಲ್ಯೂಮಿನಿಯಂ ಫಾಯಿಲಿನ ಒಂದು ಹಾಳೆಯನ್ನು ನೀರಿನಲ್ಲಿ ನೇರವಾಗಿ ಒಂದು ನಿಮಿಷ ಹಿಡಿದು ಎತ್ತಿ ನೋಡಿ. ಎಲ್ಲಿ ತೂತು ತೂತಾಗಿದೆಯೋ ಅಲ್ಲಿ ಫ್ಲಾಸ್ಕ್ ಇಡಿ, ಪ್ರತಿ ಸಲವೂ ಅಲ್ಲೇ ಇಡಿ. ಇನ್ನೊಂದು, ತೊಟ್ಟಿ ತಾನಾಗಿ ಬಿಸಿಯಾಗುತ್ತದೆ. “ತಣ್ಣನೆಯ ವಿಧಾನ” ಅಂತ ಥೀಸಿಸ್ಸಿನಲ್ಲಿ ಬರೆದವರ ತೊಟ್ಟಿಗೆ ಥರ್ಮಾಮೀಟರ್ ಇಟ್ಟರೆ 55 ತೋರಿಸಿದ್ದುಂಟು. ಐಸ್ ಹಾಕುತ್ತಾ 40ರೊಳಗೆ ಹಿಡಿಯಿರಿ, ಉಷ್ಣತೆಯನ್ನು ನೋಟ್ಸಿನಲ್ಲಿ ಬರೆಯಿರಿ. ನನ್ನನ್ನು ಕೇಳಿದರೆ ಸಾಧಾರಣ ಕಾಲೇಜಿಗೆ ಹೊಸ ವಿಧಾನಗಳಲ್ಲಿ ಕೊಟ್ಟ ದುಡ್ಡಿಗೆ ಮೋಸವಿಲ್ಲದ್ದು ಇದೇ.

ಮೈಕ್ರೋವೇವ್, ಕಾರ್ಬನ್ ಡೈಆಕ್ಸೈಡ್

ಮೈಕ್ರೋವೇವಿನಲ್ಲಿ ಬಿಸಿ ಹೊರಗಿನಿಂದ ಬರುವುದಿಲ್ಲ. ಮೆಥನಾಲ್, ನೀರಿನಂಥ ಪೋಲಾರ್ ಅಣುಗಳೇ 2450 ಮೆಗಾಹರ್ಟ್ಜ್‌ಗೆ ಅಲ್ಲಾಡಿ ಕಾಯುತ್ತವೆ. ಎಲೆಯೊಳಗೆ ಉಳಿದ ತೇವವೂ ಕಾದು ಕೋಶವನ್ನು ಒಳಗಿನಿಂದ ಬಿರಿಸುತ್ತದೆ. ಕೆಲವೇ ನಿಮಿಷದ ಕೆಲಸ. ಹೆಕ್ಸೇನ್ ಮಾತ್ರ ಇದರಲ್ಲಿ ಕಾಯುವುದಿಲ್ಲ. ಉಷ್ಣತೆ, ಒತ್ತಡ ಅಳೆಯುವ, ಲ್ಯಾಬಿಗೆಂದೇ ಮಾಡಿದ ಯಂತ್ರ ಇದ್ದರೆ ಮಾಡಿ, ಇಲ್ಲದಿದ್ದರೆ ಬಿಡಿ. ಅನ್ನ ಬಿಸಿ ಮಾಡುವ ಓವನ್ನಿನಲ್ಲಿ ಮೆಥನಾಲ್ ಇಟ್ಟರೆ ಒಂದು ಕಿಡಿ ಸಾಕು. ಹಾಗೆ ಮಾಡಿದೆವು ಎಂದು ಬರೆದ ಲೇಖನಗಳನ್ನು ಹುಡುಗರು ತಂದು ತೋರಿಸುತ್ತಾರೆ. ನನ್ನ ಲ್ಯಾಬಿನಲ್ಲಿ ಆಗುವುದಿಲ್ಲ ಅನ್ನುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡ್ ನಮ್ಮಲ್ಲಿಲ್ಲ, ಬೇಕಾದಾಗ ಹೊರಗೆ ಕಳಿಸುತ್ತೇವೆ. 31.1 ಡಿಗ್ರಿ, 73.8 ಬಾರ್ ದಾಟಿದರೆ ಈ ಅನಿಲ ಅತ್ತ ಆವಿಯೂ ಅಲ್ಲದ ಇತ್ತ ದ್ರವವೂ ಅಲ್ಲದ ಸ್ಥಿತಿಗೆ ಬರುತ್ತದೆ. ಆವಿಯಂತೆ ಪುಡಿಯೊಳಗೆ ನುಗ್ಗಿ ದ್ರವದಂತೆ ಕರಗಿಸುತ್ತದೆ. ಒತ್ತಡ ಬಿಟ್ಟರೆ ಹಾರಿಹೋಗುತ್ತದೆ, ದ್ರಾವಕ ಉಳಿಯುವ ಚಿಂತೆಯಿಲ್ಲ. ಕಾಫಿಯ ಕೆಫೀನ್ ತೆಗೆಯಲು, ಮೆಣಸು, ಶುಂಠಿಯ ಸತ್ವ ತೆಗೆಯಲು ಇದು ರಾಜ. ಆದರೆ ಇದರ ಸ್ವಭಾವ ಹೆಕ್ಸೇನಿಗೆ ಹತ್ತಿರ. ಅರಿಸಿನ ಹಾಕಿದರೆ ಎಣ್ಣೆ ಬರುತ್ತದೆ, ಕರ್ಕ್ಯುಮಿನ್ ಬಹುಪಾಲು ಪುಡಿಯಲ್ಲೇ ಕೂರುತ್ತದೆ. ನೆಲಬೇವಿಗೆ ಎಥನಾಲನ್ನು ಜೊತೆಗೆ ಬೆರೆಸದೆ ಹೆಚ್ಚಿಗೆ ಸಿಗದು. ದುಬಾರಿ ಯಂತ್ರ ಎಂದ ಮಾತ್ರಕ್ಕೆ ಎಲ್ಲ ಗಿಡಕ್ಕೂ ಒಗ್ಗಬೇಕೆಂದಿಲ್ಲ.

ಆರಿಸುವುದು, ಹರಳು ಕಟ್ಟಿಸುವುದು

ದ್ರಾವಕವನ್ನು ವ್ಯಾಕ್ಯೂಮಿನಲ್ಲಿ ಆರಿಸುವ ರೋಟರಿ ಎವಾಪೊರೇಟರಿಗೆ ಹಾಕುವ ಮೊದಲು ಖಾಲಿ ಫ್ಲಾಸ್ಕ್ ತೂಗಿ ಬರೆದುಕೊಳ್ಳಿ. ಇದನ್ನು ಮರೆಯುವವರು ಪ್ರತಿ ವರ್ಷ ಇಬ್ಬರಾದರೂ ಇರುತ್ತಾರೆ, ಆಮೇಲೆ ಅಂಟಿದ್ದನ್ನು ಕೆರೆಯುತ್ತಾ ಕೂರುತ್ತಾರೆ. ಫ್ಲಾಸ್ಕ್ ಕಾಯಿಸುವ ತೊಟ್ಟಿಯ ನೀರು 50, ಆವಿ 30, ಕಂಡೆನ್ಸರ್ 10 ಡಿಗ್ರಿ, ಹೀಗೆ ಇಪ್ಪತ್ತಿಪ್ಪತ್ತರ ಅಂತರವಿದ್ದರೆ ಯಂತ್ರ ಸಲೀಸಾಗಿ ಓಡುತ್ತದೆ. ಫ್ಲಾಸ್ಕ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ವ್ಯಾಕ್ಯೂಮ್ ನಿಧಾನಕ್ಕೆ ಏರಿಸಿ. ನೆಲಬೇವು ನೊರೆ ಬಂದು ಉಕ್ಕುತ್ತದೆ.

ಲೆಕ್ಕ ಸುಲಭ. 25 ಗ್ರಾಂ ಪುಡಿಯಿಂದ 4 ಗ್ರಾಂ ಎಕ್ಸ್‌ಟ್ರಾಕ್ಟ್ ಬಂತೆನ್ನಿ, ಯೀಲ್ಡ್ 16 ಪರ್ಸೆಂಟ್. ಅದರಲ್ಲಿ ಆಂಡ್ರೋಗ್ರಾಫೊಲೈಡ್ 10 ಪರ್ಸೆಂಟ್ ಇದ್ದರೆ 0.4 ಗ್ರಾಂ, ಅಂದರೆ ಗಿಡದ ಪುಡಿಯ ಲೆಕ್ಕದಲ್ಲಿ 1.6. ವಿಧಾನಗಳನ್ನು ಹೋಲಿಸಬೇಕಾದದ್ದು ಈ ಕೊನೆಯ ಅಂಕಿಯಲ್ಲಿ. ಈ ಅಂಕಿ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ ಎಚ್‌ಪಿಎಲ್‌ಸಿಯಿಂದ ಬರುತ್ತದೆ: ಸಿ-18 ಕಾಲಂ, ಮೆಥನಾಲ್ 65, ನೀರು 35, 223 ನ್ಯಾನೋಮೀಟರಿನ ಬೆಳಕು. ಟಿಎಲ್‌ಸಿಗೆ ಕ್ಲೋರೋಫಾರ್ಮ್–ಮೆಥನಾಲ್ 9:1. 254 ನ್ಯಾನೋಮೀಟರಿನ ಯುವಿ ದೀಪದಲ್ಲಿ ಕಪ್ಪು ಚುಕ್ಕೆ, ಲ್ಯಾಕ್ಟೋನ್ ಗುರುತಿಸುವ ಕೆಡ್ಡೆ ದ್ರಾವಣ ಸಿಂಪಡಿಸಿದರೆ ನೇರಳೆ.

ಹರಳಿಗೆ, ಎಕ್ಸ್‌ಟ್ರಾಕ್ಟನ್ನು ಸ್ವಲ್ಪವೇ ಬಿಸಿ ಮೆಥನಾಲಿನಲ್ಲಿ ಕರಗಿಸಿ, ಆಕ್ಟಿವೇಟೆಡ್ ಚಾರ್ಕೋಲ್ ಹಾಕಿ ಐದು ನಿಮಿಷ ಬಿಸಿ ಮಾಡಿ, ಬಿಸಿಯಿರುವಾಗಲೇ ಸೋಸಿ. ಚಾರ್ಕೋಲ್ ಕುದಿಯುತ್ತಿರುವ ದ್ರಾವಣಕ್ಕೆ ಬೇಡ, ಉಕ್ಕುತ್ತದೆ. ಹೆಚ್ಚು ಹಾಕಿದರೆ ಬಣ್ಣದ ಜೊತೆ ನಮ್ಮ ವಸ್ತುವನ್ನೂ ನುಂಗುತ್ತದೆ. ಕ್ಷಾರದ ಹತ್ತಿರ ಒಯ್ಯಬೇಡಿ, ಲ್ಯಾಕ್ಟೋನಿನ ಉಂಗುರ ಬಿಚ್ಚಿಕೊಳ್ಳುತ್ತದೆ. ಮುಚ್ಚಿ ಫ್ರಿಜ್ಜಿನಲ್ಲಿಡಿ, ಆಗಾಗ ಎತ್ತಿ ನೋಡುವ ಚಪಲ ಬೇಡ. ಹರಳು ಬಂದ ಮೇಲೆ ತಣ್ಣನೆಯ ಮೆಥನಾಲಿನ ಕೆಲವೇ ಹನಿಗಳಲ್ಲಿ ತೊಳೆದು ಒಣಗಿಸಿ, ಮೆಲ್ಟಿಂಗ್ ಪಾಯಿಂಟ್ ನೋಡಿ. 228ರಿಂದ 230 ಡಿಗ್ರಿಯಲ್ಲಿ ಚುರುಕಾಗಿ ಕರಗಿದರೆ ಶುದ್ಧ. 215ಕ್ಕೇ ಬೆವರತೊಡಗಿದರೆ ಮತ್ತೊಮ್ಮೆ ಹರಳು ಕಟ್ಟಿಸಿ.

ಉಳಿದ ದ್ರಾವಕ ಸಿಂಕಿಗೆ ಹೋಗಬಾರದು. ಕ್ಲೋರೋಫಾರ್ಮ್ ಬೆರೆತದ್ದಕ್ಕೆ ಒಂದು ಬಾಟಲಿ, ಮೆಥನಾಲ್, ಹೆಕ್ಸೇನಿಗೆ ಇನ್ನೊಂದು. ಕ್ಲೋರೋಫಾರ್ಮ್ ಮತ್ತು ಅಸಿಟೋನ್ ಒಂದೇ ಬಾಟಲಿಯಲ್ಲಿ ಸೇರಬಾರದು, ಕ್ಷಾರ ಸೋಕಿದರೆ ಬಿಸಿಯೇರಿ ಸಿಡಿಯಬಹುದು.

ಆ ಹುಡುಗ ಎರಡನೇ ಸಲ ಮೆಥನಾಲಿನಲ್ಲಿ ಮಾಡಿದ. ಯೀಲ್ಡ್ ಕೇಳಿದರೆ ಸಣ್ಣ ದನಿಯಲ್ಲಿ ಹದಿನೈದು ಅಂದ. ಮೂರನೇ ದಿನ ಫ್ರಿಜ್ಜಿನಿಂದ ಫ್ಲಾಸ್ಕ್ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರೆ ತಳದಲ್ಲಿ ಕಲ್ಲುಸಕ್ಕರೆಯ ಪುಡಿಯಂತೆ ಮಿಣಮಿಣ. ಸೀಸೆಗೆ ತುಂಬಿ, ಮಾರ್ಕರ್ ಪೆನ್ನಿನಲ್ಲಿ ಹೆಸರು ಬರೆಯಲು ಹೊರಟಿದ್ದ, ಪೆನ್ಸಿಲ್ ಕೊಟ್ಟೆ. ಮೆಥನಾಲ್ ತಾಗಿದ ಬೆರಳು ಮುಟ್ಟಿದರೆ ಮಾರ್ಕರ್ ಅಳಿಸಿಹೋಗುತ್ತದೆ, ಪೆನ್ಸಿಲ್ ಉಳಿಯುತ್ತದೆ. ಗಿಡದ ಹೆಸರು, ಹರ್ಬೇರಿಯಂ ನಂಬರ್, ದ್ರಾವಕ, ವಿಧಾನ, ತಾರೀಖು, ತೂಕ, ಇಷ್ಟು ಬರೆದು ಮೇಲೆ ಸೆಲ್ಲೋಟೇಪ್ ಅಂಟಿಸಿ ಕಪ್ಪು ಕಾಗದದಲ್ಲಿ ಸುತ್ತಿ ಇಟ್ಟ.